ಬಣ್ಣಕ್ಕೆ ಮುಂಚಿನ ಕೆಲಸ: ಮರಕ್ಕೆ ಬಾಡಿ ಫಿಲ್ಲರ್ ತುಂಬುವುದು, ಉಜ್ಜುವುದು

ಬಣ್ಣ ಬಳಿದ ಬಾಗಿಲೊಂದನ್ನು ಪಕ್ಕದಿಂದ ಬೆಳಕು ಬೀಳುವಾಗ ಓರೆಯಾಗಿ ನಿಂತು ನೋಡಿ. ಎದುರಿನಿಂದ ಚೆನ್ನಾಗಿಯೇ ಕಂಡಿದ್ದ ಬಾಗಿಲಿನಲ್ಲಿ ಮೊಳೆ ಹೊಡೆದ ಜಾಗ, ಹಳೆಯ ನೆಗ್ಗು, ಉಜ್ಜಿದ ಗೀರು ಎಲ್ಲವೂ ಒಂದೊಂದಾಗಿ ಕಾಣಿಸುತ್ತವೆ. ಇನ್ನೆರಡು ಕೋಟ್ ಬಳಿದರೆ ಮುಚ್ಚಿಹೋಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮುಚ್ಚುವುದಿಲ್ಲ. ಒಣಗಿದ ಬಣ್ಣದ ಒಂದು ಪದರ ಸಾಮಾನ್ಯವಾಗಿ 30ರಿಂದ 50 ಮೈಕ್ರಾನ್ ದಪ್ಪ ಇರುತ್ತದೆ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಅರ್ಧ ಮಿಲಿಮೀಟರ್ ಆಳದ ನೆಗ್ಗಿನ ಮುಂದೆ ಬಣ್ಣ ಯಾವ ಲೆಕ್ಕ? ಅದೂ ಅಲ್ಲದೆ, ಬಣ್ಣ ನೆಗ್ಗಿನೊಳಗೆ ಎಷ್ಟು ಕೂರುತ್ತದೋ ಸುತ್ತಲೂ ಅಷ್ಟೇ ಕೂರುತ್ತದೆ. ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಹೊಳಪಿನ ಬಣ್ಣವಾದರೆ ಇನ್ನೂ ಎದ್ದು ಕಾಣುತ್ತದೆ.

ಹಾಗಾಗಿ ತಗ್ಗು ತುಂಬುವ ಕೆಲಸ ಬಣ್ಣದ್ದಲ್ಲ, ಫಿಲ್ಲರ್‌ನದು. ಆದರೆ ಫಿಲ್ಲರ್ ತುಂಬಿದ ತಕ್ಷಣ ಹೊಸದೊಂದು ತೊಂದರೆ ಶುರುವಾಗುತ್ತದೆ. ಈಗ ಮೇಲ್ಮೈಯಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಅವುಗಳ ಗಟ್ಟಿತನ ಬೇರೆ. ಬಣ್ಣವನ್ನು ಹೀರುವ ರೀತಿ ಬೇರೆ. ತೇವ ಬಂದಾಗ, ಹೋದಾಗ ಮರ ಹಿಗ್ಗಿ ಕುಗ್ಗುತ್ತದೆ, ಫಿಲ್ಲರ್ ಇದ್ದ ಹಾಗೇ ಇರುತ್ತದೆ. ಬಣ್ಣ ಒಣಗಿದ ಮೇಲೆ ಕಾಣುವ ಬಹುಪಾಲು ದೋಷಗಳು ಈ ಮೂರು ವ್ಯತ್ಯಾಸಗಳಿಂದಲೇ ಬರುತ್ತವೆ. ಯಾಕೆ ಕಟ್ಟೆಗೆ, ಅಂದರೆ ಸಪಾಟಾದ ಮರದ ತುಂಡಿಗೆ, ಸುತ್ತಿದ ಉಜ್ಜುವ ಪೇಪರಿನಿಂದ (ಸ್ಯಾಂಡ್‌ಪೇಪರ್) ಉಜ್ಜಬೇಕು, ಯಾಕೆ ಪ್ರೈಮರ್, ಅಂದರೆ ಬಣ್ಣದಡಿಗೆ ಹಚ್ಚುವ ಮೊದಲ ಪದರ, ಪೂರ್ತಿ ಹಚ್ಚಬೇಕು, ಯಾಕೆ ಕೆಲವು ಬಿರುಕುಗಳಿಗೆ ಫಿಲ್ಲರ್ ಹಾಕಲೇಬಾರದು ಅನ್ನುವುದಕ್ಕೆಲ್ಲ ಉತ್ತರ ಇಲ್ಲೇ ಇದೆ.

ಬಾಡಿ ಫಿಲ್ಲರ್ ಅಂದರೆ ಏನು

ಹೆಸರೇ ಹೇಳುವಂತೆ ಇದು ಮೂಲತಃ ಕಾರಿನ ಬಾಡಿಗೆ ಬಳಸುವ ವಸ್ತು. ಇದು ಬರುವ ಮುಂಚೆ ಕಾರಿನ ತಗಡಿನಲ್ಲಿ ಬಿದ್ದ ನೆಗ್ಗುಗಳಿಗೆ ಸೀಸ ಬೆರೆತ ಲೋಹವನ್ನು ಕರಗಿಸಿ ತುಂಬುತ್ತಿದ್ದರು. ಬಾಡಿ ಫಿಲ್ಲರ್ ಎರಡು ಭಾಗಗಳಲ್ಲಿ ಬರುತ್ತದೆ. ಡಬ್ಬಿಯಲ್ಲಿರುವುದು ಪಾಲಿಯೆಸ್ಟರ್ ರಾಳ. ಅದು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುತ್ತದೆ, ಮೈ ಕಟ್ಟಲು ಅದಕ್ಕೆ ನುಣ್ಣನೆಯ ಟಾಲ್ಕ್ ಪುಡಿ ಸೇರಿಸಿರುತ್ತಾರೆ. ಡಬ್ಬಿ ತೆರೆದಾಗ ಬರುವ ಘಾಟು ವಾಸನೆ ಸ್ಟೈರೀನ್‌ನದು. ಚಿಕ್ಕ ಟ್ಯೂಬಿನಲ್ಲಿರುವುದು ಹಾರ್ಡ್ನರ್, ಅಂದರೆ ಬೆಂಜಾಯಿಲ್ ಪೆರಾಕ್ಸೈಡ್ ಪೇಸ್ಟ್.

ಎರಡನ್ನೂ ಕಲಸಿದಾಗ ಪೆರಾಕ್ಸೈಡ್ ಒಡೆದು ರಾಳವನ್ನೂ ಸ್ಟೈರೀನನ್ನೂ ಒಂದಕ್ಕೊಂದು ಹೆಣೆಯುವ ಕ್ರಿಯೆಯನ್ನು ಶುರು ಮಾಡುತ್ತದೆ. ಇಲ್ಲಿ ಯಾವುದೂ 'ಒಣಗುತ್ತಿಲ್ಲ' ಎನ್ನುವುದನ್ನು ಗಮನಿಸಿ. ನೀರಿನ ಮರದ ಫಿಲ್ಲರ್‌ಗಳು ನೀರು ಆರಿಹೋಗುವುದರಿಂದ ಗಟ್ಟಿಯಾಗುತ್ತವೆ, ಹೋದ ನೀರಿನಷ್ಟು ಕುಗ್ಗುತ್ತವೆ. ಆಳದ ಗುಂಡಿಗೆ ಹಾಕಿದರೆ ಮೇಲೆ ಗಟ್ಟಿ, ಒಳಗೆ ಹಸಿ. ಮರುದಿನ ನೋಡಿದರೆ ನಡುವೆ ಕುಳಿ ಬಿದ್ದಿರುತ್ತದೆ. ಬಾಡಿ ಫಿಲ್ಲರ್ ರಾಸಾಯನಿಕ ಕ್ರಿಯೆಯಿಂದ ಒಳಗೂ ಹೊರಗೂ ಒಟ್ಟಿಗೆ ಗಟ್ಟಿಯಾಗುತ್ತದೆ. ಕುಗ್ಗುವುದು ಬಹಳ ಕಡಿಮೆ. ಹೆಚ್ಚಿನ ಫಿಲ್ಲರ್‌ಗಳು 15ರಿಂದ 30 ನಿಮಿಷದಲ್ಲಿ ಉಜ್ಜಲು ಸಿದ್ಧವಾಗುತ್ತವೆ. ಮರಗೆಲಸದವರು ಕಾರಿನ ವಸ್ತುವನ್ನು ತಮ್ಮ ಕೆಲಸಕ್ಕೂ ತಂದುಕೊಂಡಿದ್ದು ಈ ಕಾರಣಕ್ಕೇ. ಎರಡು ಭಾಗದ ಮರದ ಫಿಲ್ಲರ್ ಅಂತ ಮಾರುವ ಅನೇಕ ಡಬ್ಬಿಗಳಲ್ಲೂ ಇರುವುದು ಹೆಚ್ಚು ಕಡಿಮೆ ಇದೇ ವಸ್ತು, ಬಣ್ಣ ಮಾತ್ರ ಮರದ್ದು.

ಎಲ್ಲಿ ಹಾಕಬಾರದು

ಕೈಗೆ ಒಳ್ಳೆಯ ವಸ್ತು ಸಿಕ್ಕಿತು ಅಂತ ಸುಮ್ನೆ ಎಲ್ಲ ಕಡೆ ಮೆತ್ತಬಾರದು.

ಮೊದಲನೆಯದಾಗಿ, ಪಾಲಿಶ್ ಅಥವಾ ವಾರ್ನಿಶ್ ಹಾಕಿ ಮರದ ಎಳೆ ಕಾಣುವಂತೆ ಬಿಡುವ ಕೆಲಸಕ್ಕೆ ಇದು ಬೇಡವೇ ಬೇಡ. ಇದು ಸ್ಟೇನ್, ಅಂದರೆ ಎಳೆ ಮುಚ್ಚದೆ ಮರಕ್ಕೆ ಬಣ್ಣ ಕೊಡುವ ದ್ರವವನ್ನು, ಹೀರುವುದಿಲ್ಲ. ಎಷ್ಟೇ ಒರೆಸಿದರೂ ತೇಪೆ ತೇಪೆಯಾಗಿಯೇ ಕಾಣುತ್ತದೆ. ಮುಚ್ಚುವ ಬಣ್ಣ ಬಳಿಯುವುದಿದ್ದರೆ ಮಾತ್ರ ಇದರ ಉಪಯೋಗ.

ಎರಡನೆಯದು ಬಿರುಕುಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ಅದರ ಅಗಲ ಸುಮಾರು ಶೇಕಡಾ 4ರಿಂದ 8ರಷ್ಟು ಕುಗ್ಗುತ್ತದೆ. ಎಳೆ ಸಾಗುವ ಉದ್ದದ ದಿಕ್ಕಿನಲ್ಲಿ ಮಾತ್ರ ಶೇಕಡಾ 0.1ರಿಂದ 0.2 ಅಷ್ಟೇ. ಬಾಗಿಲಾಗಿ, ಕಪಾಟಾಗಿ ನಿಂತ ಮೇಲೂ ಅಗಲದ ಈ ಅಲುಗಾಟ ಸಣ್ಣ ಪ್ರಮಾಣದಲ್ಲಿ ವರ್ಷಪೂರ್ತಿ ನಡೆಯುತ್ತಲೇ ಇರುತ್ತದೆ. ಹಲಗೆಯ ಉದ್ದಕ್ಕೂ ಬಿಟ್ಟ ಬಿರುಕು ಮಳೆಗಾಲದಲ್ಲಿ ಕಿರಿದಾಗುತ್ತದೆ, ಬೇಸಿಗೆಯಲ್ಲಿ ಅಗಲವಾಗುತ್ತದೆ. ಅದರೊಳಗೆ ಕಲ್ಲಿನಂಥ ಫಿಲ್ಲರ್ ತುಂಬಿದರೆ ಮರ ಹಿಗ್ಗುವಾಗ ಅದನ್ನು ಹಿಂಡುತ್ತದೆ, ಕುಗ್ಗುವಾಗ ಬಿಟ್ಟು ಸರಿಯುತ್ತದೆ. ಸ್ವಲ್ಪ ಕಾಲದಲ್ಲೇ ಅಂಚಿನಲ್ಲಿ ಕೂದಲೆಳೆಯ ಗೆರೆ ಬಿಡುತ್ತದೆ, ಬಣ್ಣವೂ ಅಲ್ಲೇ ಸೀಳುತ್ತದೆ. ಇಂಥ ಉದ್ದ ಬಿರುಕಿಗೆ ಅದೇ ಜಾತಿಯ ಮರದ ತೆಳು ಚೂರನ್ನು ಎಳೆಯ ದಿಕ್ಕು ಹೊಂದುವಂತೆ ಅಂಟಿಸಿ ಮಟ್ಟ ಮಾಡುವುದೇ ಸರಿ.

ಚೌಕಟ್ಟಿನೊಳಗೆ ಸಡಿಲವಾಗಿ ಕೂರಿಸಿದ ಪ್ಯಾನೆಲ್ ಇರುವ ಬಾಗಿಲುಗಳನ್ನು ನೋಡಿರುತ್ತೀರಿ. ಪ್ಯಾನೆಲ್ ಸುತ್ತಲಿನ ಸಣ್ಣ ಸಂದು ಕೆಲಸಗಾರನ ತಪ್ಪಲ್ಲ. ಹಲಗೆ ಅಲುಗಾಡಲಿ ಅಂತ ಬೇಕೆಂದೇ ಬಿಟ್ಟ ಜಾಗ. ಅದನ್ನು ಫಿಲ್ಲರ್‌ನಿಂದ ಬಿಗಿದರೆ ಅಂಚಿನ ಬಣ್ಣ ಸೀಳುತ್ತದೆ, ಕೆಲವು ಸಲ ಪ್ಯಾನೆಲ್ಲೇ ಸೀಳುತ್ತದೆ.

ಕೊಳೆತ ಮರಕ್ಕೂ ಇದೇ ಮಾತು. ಉಳಿಯ ಮೊನೆಯಿಂದ ಚುಚ್ಚಿದಾಗ ಮೆತ್ತಗೆ ಒಳಹೋದರೆ ಆ ಭಾಗವನ್ನೆಲ್ಲ ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆಯಬೇಕು. ತೇವ ಎಲ್ಲಿಂದ ಬಂತು ಅನ್ನುವುದನ್ನೂ ಸರಿ ಮಾಡಬೇಕು. ಮಳೆಗೆ ಒಡ್ಡಿದ ಕಿಟಕಿಯ ಕೆಳಪಟ್ಟಿಯಂಥ ಜಾಗಕ್ಕೆ ಎಪಾಕ್ಸಿ ಎಂಬ ಬೇರೊಂದು ರಾಳದ ಫಿಲ್ಲರ್ ಬಳಸಿ ಅಂತಲೇ ನನ್ನ ಸಲಹೆ. ಎಪಾಕ್ಸಿ ಮರಕ್ಕೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ನೀರಿಗೆ ಜಗ್ಗುವುದಿಲ್ಲ. ನಿಧಾನ ಅನ್ನುವುದೊಂದೇ ಕೊರತೆ. ಪಾಲಿಯೆಸ್ಟರ್ ಫಿಲ್ಲರ್ ಮಾತ್ರ ಬಣ್ಣದ ರಕ್ಷಣೆ ಇಲ್ಲದೆ ಬಿಟ್ಟರೆ ತೇವ ಹೀರುತ್ತದೆ.

ಇನ್ನು ಬರೀ ನೆಗ್ಗು ಇದ್ದರೆ, ಅಂದರೆ ಏನೋ ಬಿದ್ದು ಮರ ಒತ್ತಿಹೋಗಿದೆ ಆದರೆ ಎಳೆ ಕಡಿದಿಲ್ಲ ಅಂತಾದರೆ, ಫಿಲ್ಲರ್ ಡಬ್ಬಿ ತೆರೆಯುವ ಮುಂಚೆ ನೀರು ಹನಿಸಿ ನೋಡಿ. ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಕ್ಷಣ ಒತ್ತಿದರೆ ಹಬೆ ಒಳಹೋಗಿ ಒತ್ತಿಹೋದ ನಾರು ಉಬ್ಬಿ ಮೇಲೆ ಬರುತ್ತದೆ. ಎಷ್ಟೋ ನೆಗ್ಗುಗಳು ಹೀಗೇ ಮಾಯವಾಗುತ್ತವೆ. ಮರದ ಜಾಗದಲ್ಲಿ ಮರವೇ ಬಂದರೆ ಅದಕ್ಕಿಂತ ಒಳ್ಳೆಯ ಫಿಲ್ಲರ್ ಉಂಟೇ? ಇದು ಬಣ್ಣ, ಪಾಲಿಶ್ ಇಲ್ಲದ ಬರೀ ಮರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆಗೆ ಇದನ್ನು ಮಾಡಬೇಡಿ, ಅದು ನೀರು ಕುಡಿದು ಊದಿಕೊಳ್ಳುತ್ತದೆ.

ಹಾಗಾದರೆ ಬಾಡಿ ಫಿಲ್ಲರ್ ಹೇಳಿ ಮಾಡಿಸಿದ ಜಾಗ ಯಾವುದು? ಮೊಳೆ ಮತ್ತು ಸ್ಕ್ರೂ ತಲೆಯ ಗುಂಡಿಗಳು, ಹಳೆ ಬೀಗ ಕಿತ್ತ ತೂತು, ಮುರಿದ ಮೂಲೆ, ಪ್ಲೈವುಡ್ ಅಂಚಿನ ಪೊಳ್ಳು. ಪ್ಲೈವುಡ್ ಮತ್ತು ಎಂಡಿಎಫ್ ಅಗಲದಲ್ಲಿ ಹೆಚ್ಚು ಅಲುಗಾಡುವುದಿಲ್ಲ, ಹಾಗಾಗಿ ಅವುಗಳಿಗೆ ಇದು ತುಂಬಾ ಚೆನ್ನಾಗಿ ಹೊಂದುತ್ತದೆ.

ಕಲಸುವುದು, ತುಂಬುವುದು

ಜಾಗ ಒಣಗಿರಬೇಕು. ಹಳೆ ಬಣ್ಣದ ಸಿಪ್ಪೆ, ಎಣ್ಣೆ, ಮೇಣ, ಧೂಳು ಇರಬಾರದು. ರಾಳ ಮರದ ರಂಧ್ರದೊಳಗೆ ಇಳಿದರೇನೇ ಹಿಡಿತ ಬರುವುದು. ಹೊಳಪಿನ ಹಳೆ ಬಣ್ಣದ ಮೇಲೆ ಮೆತ್ತಿದ ಫಿಲ್ಲರ್ ಆ ಬಣ್ಣಕ್ಕೆ ಅಂಟಿರುತ್ತದೆಯೇ ಹೊರತು ಮರಕ್ಕಲ್ಲ. ಆದ್ದರಿಂದ ಗುಂಡಿಯ ಸುತ್ತ ಒಂದಿಷ್ಟು ಜಾಗವನ್ನು 80 ನಂಬರಿನ ಒರಟು ಪೇಪರಿನಿಂದ ಉಜ್ಜಿ ಮರ ಕಾಣುವಂತೆ ಮಾಡಿ. ಮುರಿದ ಮೂಲೆಯಂಥ ದೊಡ್ಡ ಜಾಗವಾದರೆ ಅಂಟು ಒಂದನ್ನೇ ನಂಬಬೇಡಿ. ತುಕ್ಕು ಹಿಡಿಯದ ಒಂದೆರಡು ಸ್ಕ್ರೂಗಳನ್ನು ಅರ್ಧ ಮಾತ್ರ ತಿರುಗಿಸಿ, ತಲೆ ಹೊರಗಿರುವಂತೆ ಬಿಟ್ಟು ಅದರ ಸುತ್ತ ಫಿಲ್ಲರ್ ತುಂಬಿ. ಗಟ್ಟಿಯಾದ ಮೇಲೆ ಸ್ಕ್ರೂ ತಲೆ ಒಳಗೆ ಹಿಡಿದಿಡುತ್ತದೆ. ತಲೆ ಮಾತ್ರ ಅಂತಿಮ ಮಟ್ಟಕ್ಕಿಂತ ಸಾಕಷ್ಟು ಕೆಳಗಿರಲಿ.

ಡಬ್ಬಿಯ ಫಿಲ್ಲರನ್ನು ಮೊದಲು ತಳದಿಂದ ಕಲಕಿ. ಇಟ್ಟಲ್ಲೇ ಇದ್ದರೆ ರಾಳ ಮೇಲೆ ತೇಲಿ ಪುಡಿ ಕೆಳಗೆ ಕೂತಿರುತ್ತದೆ. ಟ್ಯೂಬನ್ನೂ ಹೊರಗಿನಿಂದ ಚೆನ್ನಾಗಿ ಹಿಸುಕಿ. ಹಾರ್ಡ್ನರ್ ಪ್ರಮಾಣ ಸಾಮಾನ್ಯವಾಗಿ ತೂಕದಲ್ಲಿ ಶೇಕಡಾ 2ರ ಆಸುಪಾಸು, ಅಂದರೆ 100 ಗ್ರಾಂ ಫಿಲ್ಲರ್‌ಗೆ 2 ಗ್ರಾಂ. ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಜಾಸ್ತಿ ಹಾಕಿದರೆ ಬೇಗ ಗಟ್ಟಿ, ಒಳ್ಳೆಯದೇ ಅಲ್ವಾ ಅಂತ ಅನ್ನಿಸಬಹುದು. ಒಳ್ಳೆಯದಲ್ಲ. ಫಿಲ್ಲರ್ ಪುಡಿಪುಡಿಯಾಗುತ್ತದೆ, ಸೂಜಿ ತೂತುಗಳು ಹೆಚ್ಚುತ್ತವೆ, ಉಳಿದುಹೋದ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಬಂದು ಕಲೆ ಮಾಡಬಹುದು. ಕಡಿಮೆ ಹಾಕಿದರೆ ಇನ್ನೂ ಕಷ್ಟ. ಅದು ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಇರುತ್ತದೆ, ಕೆರೆದು ತೆಗೆದು ಮತ್ತೆ ಶುರು ಮಾಡಬೇಕು. ಸೆಖೆ ಜಾಸ್ತಿ ಇದ್ದರೆ ಕ್ರಿಯೆಯೂ ಜೋರು. ಅಂದಾಜಿಗೆ, 10 ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗ ಎರಡರಷ್ಟಾಗುತ್ತದೆ ಅಂತ ಇಟ್ಟುಕೊಳ್ಳಿ. ಬಿಸಿಲ ದಿನ ಕಡಿಮೆ ಕಡಿಮೆ ಕಲಸಿ.

ಹಾರ್ಡ್ನರ್‌ಗೆ ಕೆಂಪು ಅಥವಾ ನೀಲಿ ಬಣ್ಣ ಕೊಟ್ಟಿರುವುದು ಅಂದಕ್ಕಲ್ಲ. ಗೆರೆ ಗೆರೆ ಕಾಣದೆ ಎಲ್ಲ ಕಡೆ ಒಂದೇ ಬಣ್ಣ ಬಂದಾಗ ಕಲಸಿದ್ದು ಸರಿಯಾಗಿದೆ ಅಂತ ತಿಳಿಯಲಿ ಅಂತ. ಗಾಜು ಅಥವಾ ಪ್ಲಾಸ್ಟಿಕ್ ತುಂಡಿನ ಮೇಲೆ ಕಲಸಿ. ರಟ್ಟು ಬೇಡ, ಅದು ದ್ರವವನ್ನು ಹೀರಿಕೊಳ್ಳುತ್ತದೆ. ಗರಗರ ತಿರುಗಿಸಬೇಡಿ, ಪುಟ್ಟಿ ಎಳೆಯುವ ಬ್ಲೇಡಿನಿಂದ ಒತ್ತಿ ಮಡಚಿ, ಒತ್ತಿ ಮಡಚಿ ಬೆರೆಸಿ. ತಿರುಗಿಸಿದಾಗ ಒಳಸೇರಿದ ಗಾಳಿಯೇ ಆಮೇಲೆ ಉಜ್ಜುವಾಗ ಸೂಜಿ ತೂತಾಗಿ ಬಾಯಿ ಬಿಡುತ್ತದೆ.

ಕಲಸಿದ ಮೇಲೆ ಕೈಯಲ್ಲಿ ಉಳಿಯುವುದು 3ರಿಂದ 5 ನಿಮಿಷ ಮಾತ್ರ. ಮೊದಲು ತೆಳುವಾಗಿ, ಬ್ಲೇಡಿನಿಂದ ಬಲವಾಗಿ ಒತ್ತಿ ಎಳೆಯಿರಿ. ಈ ಪದರದ ಕೆಲಸ ಹಿಡಿತ ಕೊಡುವುದು, ಗಾಳಿ ಹೊರಗೆ ತಳ್ಳುವುದು. ಅದರ ಮೇಲೆ ಉಳಿದದ್ದನ್ನು ತುಂಬಿ, ಸುತ್ತಲಿನ ಮಟ್ಟಕ್ಕಿಂತ ಒಂಚೂರು ಮೇಲೇ ಬಿಡಿ. ಆಳ ಜಾಸ್ತಿ ಇದ್ದರೆ ಒಂದೊಂದು ಸಲಕ್ಕೆ 3 ಮಿಲಿಮೀಟರ್‌ನಷ್ಟು ತುಂಬುತ್ತಾ ಹೋಗಿ. ದಪ್ಪ ಮುದ್ದೆ ಒಟ್ಟಿಗೆ ಹಾಕಿದರೆ ಒಳಗೆ ಕಾವು ಏರುತ್ತದೆ. ಗಟ್ಟಿಯಾಗಲು ಶುರುವಾದ ಫಿಲ್ಲರನ್ನು ಮತ್ತೆ ಬಳಿಯಲು ಹೋಗಬೇಡಿ. ಅದು ಕಿತ್ತು ಬರುತ್ತದೆ, ಮೊದಲಿನದನ್ನೂ ಕೆಡಿಸುತ್ತದೆ. ಮಿಕ್ಕ ಮುದ್ದೆಯನ್ನು ಪೂರ್ತಿ ತಣ್ಣಗಾಗುವ ತನಕ ಕಾಗದದ ಕಸದ ಬುಟ್ಟಿಗೆ ಎಸೆಯಬೇಡಿ. ಮುಟ್ಟಿ ನೋಡಿದರೆ ಅದು ಎಷ್ಟು ಬಿಸಿಯಾಗುತ್ತದೆ ಅಂತ ತಿಳಿಯುತ್ತದೆ.

ಸುಮಾರು ಹತ್ತು ನಿಮಿಷಕ್ಕೆ ಒಂದು ಒಳ್ಳೆಯ ಗಳಿಗೆ ಬರುತ್ತದೆ. ಫಿಲ್ಲರ್ ಆಗ ಹೊಸ ಸೋಪಿನ ಹಾಗಿರುತ್ತದೆ, ಉಗುರು ಊರಿದರೆ ಗುರುತು ಬೀಳುತ್ತದೆ. ಚೂಪು ಉಳಿ ಅಥವಾ ಒರಟು ಅರದಿಂದ ಹೆಚ್ಚಿನದನ್ನು ಆಗಲೇ ಹೆರೆದುಬಿಡಿ. ಅರ್ಧ ಗಂಟೆ ಉಜ್ಜುವ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಧೂಳೂ ಏಳುವುದಿಲ್ಲ. ಈ ಗಳಿಗೆ ತಪ್ಪಿಸಿಕೊಳ್ಳುವವರೇ ಜಾಸ್ತಿ.

ಉಜ್ಜುವುದು

ಗಟ್ಟಿಯಾದ ಮೇಲೂ ಮೇಲ್ಪದರ ಸ್ವಲ್ಪ ಅಂಟಂಟಾಗಿ ಇರುತ್ತದೆ. ಕೆಟ್ಟಿದೆ ಅಂತ ಗಾಬರಿ ಬೇಡ. ಗಾಳಿಯ ಆಮ್ಲಜನಕ ಮೇಲ್ಮೈಯಲ್ಲಿ ಕ್ರಿಯೆಯನ್ನು ತಡೆಯುವುದರಿಂದ ಹಾಗಾಗುತ್ತದೆ. ನುಣುಪು ಪೇಪರ್ ತಕ್ಷಣ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಮೊದಲ ಸುತ್ತು 80 ನಂಬರಿನಿಂದಲೇ ಆಗಲಿ.

ಈಗ ಗಟ್ಟಿತನದ ವ್ಯತ್ಯಾಸಕ್ಕೆ ಬರೋಣ. ಪೈನ್‌ನಂಥ ಮೆತ್ತನೆಯ ಮರಕ್ಕಿಂತ ಫಿಲ್ಲರ್ ಗಟ್ಟಿ. ಪೇಪರನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳು ಮೆತ್ತಗಿರುವ ಕಡೆಗೆ ಇಳಿಯುತ್ತದೆ. ಸುತ್ತಲ ಮರ ಸವೆಯುತ್ತದೆ, ಫಿಲ್ಲರ್ ಉಬ್ಬಾಗಿ ಉಳಿಯುತ್ತದೆ. ಉಬ್ಬು ಹೋಗಲಿಲ್ಲ ಅಂತ ಇನ್ನಷ್ಟು ಉಜ್ಜಿದರೆ ಸುತ್ತಲಿನ ಹಳ್ಳ ಇನ್ನಷ್ಟು ಆಳವಾಗುತ್ತದೆ. ತುಂಬಾ ಗಟ್ಟಿ ಮರದಲ್ಲಿ ಇದು ತಿರುವುಮುರುವು ಆಗಿ ಫಿಲ್ಲರೇ ಕುಳಿ ಬೀಳಬಹುದು. ಎರಡಕ್ಕೂ ಮದ್ದು ಒಂದೇ. ಸಪಾಟಾದ ಮರದ ಕಟ್ಟೆಗೆ ಪೇಪರ್ ಸುತ್ತಿ ಉಜ್ಜುವುದು. ಕಟ್ಟೆ ತೇಪೆಗಿಂತ ಸಾಕಷ್ಟು ಉದ್ದ ಇರಬೇಕು, ಆಗ ಅದು ಎರಡೂ ಬದಿಯ ಮರದ ಮೇಲೆ ಕೂತು ನಡುವಿನ ಉಬ್ಬನ್ನು ಮಾತ್ರ ತಾಗುತ್ತದೆ. ಮೆಷಿನ್ ಇದ್ದರೂ ತೇಪೆಯ ಜಾಗಕ್ಕೆ ಮಾತ್ರ ನಾನು ಕೈಕಟ್ಟೆಯನ್ನೇ ಮೆಚ್ಚುತ್ತೇನೆ. ಮೆಷಿನ್ನಿನ ಮೆತ್ತನೆಯ ಪ್ಯಾಡ್ ಬೆರಳಿನ ಹಾಗೇ ತಗ್ಗಿಗೆ ಇಳಿಯುತ್ತದೆ.

ಎಲ್ಲಿ ಎತ್ತರ, ಎಲ್ಲಿ ತಗ್ಗು ಅಂತ ಕಣ್ಣಿಗೆ ಗೊತ್ತಾಗದಿದ್ದರೆ ಇಡೀ ಜಾಗದ ಮೇಲೆ ಪೆನ್ಸಿಲ್‌ನಿಂದ ಗೀಚಿ. ಕಟ್ಟೆಯಿಂದ ನಾಲ್ಕು ಸಲ ಉಜ್ಜಿ. ಗೀಟು ಉಳಿದಲ್ಲಿ ತಗ್ಗಿದೆ. ಕಣ್ಣು ಮುಚ್ಚಿ ಅಂಗೈ ಸವರುವುದೂ ಒಳ್ಳೆಯ ಪರೀಕ್ಷೆ, ಕಣ್ಣಿಗೆ ಕಾಣದ ಏರಿಳಿತ ಕೈಗೆ ಸಿಗುತ್ತದೆ. ತಗ್ಗು ಉಳಿದಿದ್ದರೆ ಮರವನ್ನು ಅದರ ಮಟ್ಟಕ್ಕೆ ಇಳಿಸಲು ಹೋಗಬೇಡಿ, ಇನ್ನೊಂದು ತೆಳು ಪದರ ಫಿಲ್ಲರ್ ಎಳೆಯಿರಿ.

ಪೇಪರಿನ ನಂಬರ್ ಹೆಚ್ಚಿದಷ್ಟು ಹರಳು ಸಣ್ಣ. ಪಿ ಗುರುತಿನ 80ರ ಹರಳು ಸುಮಾರು 200 ಮೈಕ್ರಾನ್, 120ರದ್ದು 125, 180ರದ್ದು 82, 240ರದ್ದು 58. ಗೀರು ಹರಳಿನಷ್ಟು ಆಳ ಇರುವುದಿಲ್ಲ ನಿಜ, ಆದರೂ 30 ಮೈಕ್ರಾನಿನ ಬಣ್ಣದ ಪಕ್ಕ ಇಟ್ಟು ನೋಡಿದರೆ 80ರ ಗೀರು ಬಣ್ಣದಡಿಯಿಂದ ಇಣುಕುವುದು ಯಾಕೆ ಅಂತ ಅರ್ಥವಾಗುತ್ತದೆ. ಹಾಗಾಗಿ 80, ಆಮೇಲೆ 120, ಆಮೇಲೆ 180. ಪ್ರತಿ ನಂಬರಿನ ಕೆಲಸ ಹಿಂದಿನ ನಂಬರಿನ ಗೀರು ಅಳಿಸುವುದು ಮಾತ್ರ. ನಡುವೆ ಹಾರಿದರೆ 180ರಿಂದ ಎಷ್ಟೇ ಉಜ್ಜಿದರೂ 80ರ ಆಳದ ಗೀರು ಹಾಗೇ ಇರುತ್ತದೆ, ಅದರ ಅಂಚು ಮಾತ್ರ ನುಣುಪಾಗಿರುತ್ತದೆ. ಪ್ರತಿ ನಂಬರ್ ಬದಲಿಸುವ ಮುಂಚೆ ಧೂಳು ಒರೆಸಿ. ಉದುರಿದ ಒಂದು ಒರಟು ಹರಳು ಮುಂದಿನ ಪೇಪರಿನಡಿ ಸಿಕ್ಕಿ ಉದ್ದಕ್ಕೆ ಗೀರುತ್ತದೆ.

ಬಣ್ಣದ ಕೆಲಸಕ್ಕೆ ಮರವನ್ನು 180ರ ತನಕ ಉಜ್ಜಿದರೆ ಸಾಕು. ಇನ್ನೂ ನುಣುಪು ಮಾಡುವುದರಿಂದ ಲಾಭವಿಲ್ಲ, ಪ್ರೈಮರ್‌ಗೆ ಹಿಡಿದುಕೊಳ್ಳಲು ಸ್ವಲ್ಪ ಒರಟು ಬೇಕು. ಉಜ್ಜುವುದು ಎಳೆಯ ದಿಕ್ಕಿಗೇ ಇರಲಿ. ಅಡ್ಡ ಉಜ್ಜಿದರೆ ನಾರು ಕಡಿದು ಗೀರು ಎದ್ದು ಕಾಣುತ್ತದೆ. ಚೂಪಾದ ಅಂಚುಗಳನ್ನು 1 ಅಥವಾ 2 ಮಿಲಿಮೀಟರ್‌ನಷ್ಟು ದುಂಡಗೆ ಮಾಡಿ. ಹಸಿ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ, ಅಲ್ಲಿ ಪದರ ತೆಳುವಾಗಿ ಮೊದಲು ಕಿತ್ತುಬರುತ್ತದೆ. ಫಿಲ್ಲರನ್ನು ನೀರು ಹಚ್ಚಿ ಉಜ್ಜಬೇಡಿ, ಟಾಲ್ಕ್ ನೀರು ಹೀರುತ್ತದೆ, ಪಕ್ಕದ ಮರವೂ ಊದುತ್ತದೆ.

ಈ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕ್ ಹಾಕಿ. ಆದರೆ ಆ ಮಾಸ್ಕ್ ಸ್ಟೈರೀನ್ ಆವಿಯನ್ನು ತಡೆಯುವುದಿಲ್ಲ, ಕಲಸುವಾಗ ಗಾಳಿಯಾಡುವ ಜಾಗದಲ್ಲಿರಿ. ಹಳೆ ಕಟ್ಟಡದ ಬಾಗಿಲು ಕಿಟಕಿಯಾದರೆ ಅದರ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಪರೀಕ್ಷಿಸದೆ ಒಣದಾಗಿ ಉಜ್ಜಬೇಡಿ. ಸೀಸಕ್ಕೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ, ಮಕ್ಕಳಿರುವ ಮನೆಯಲ್ಲಂತೂ ಆ ಧೂಳು ತುಂಬಾ ಅಪಾಯ.

ಪ್ರೈಮರ್ ಬಂದ ಮೇಲೆ

ಬರೀ ಮರ ಬಣ್ಣವನ್ನು ಕುಡಿಯುತ್ತದೆ. ಹಲಗೆಯ ಕಡಿದ ತುದಿ ಇನ್ನೂ ಜಾಸ್ತಿ ಕುಡಿಯುತ್ತದೆ. ಫಿಲ್ಲರ್ ಹೀರುವ ರೀತಿಯೇ ಬೇರೆ. ನೇರವಾಗಿ ಬಣ್ಣ ಬಳಿದರೆ ತೇಪೆಯ ಜಾಗದಲ್ಲಿ ಹೊಳಪು ಬೇರೆಯಾಗಿ ಕಾಣುತ್ತದೆ, ಕೈಗೆ ಎಷ್ಟೇ ಸಮ ಅನ್ನಿಸಿದರೂ ಸರಿ. ಅದಕ್ಕೇ ತೇಪೆಗೆ ಮಾತ್ರವಲ್ಲ, ಇಡೀ ಮೈಗೆ ಪ್ರೈಮರ್ ಬೇಕು. ಮರದ ಗಂಟುಗಳಿದ್ದರೆ ಅವಕ್ಕೆ ಮೊದಲು ಅರಗಿನ ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ಒಳಗಿನ ಅಂಟು ಹಳದಿ ಕಲೆಯಾಗಿ ಮೇಲೆ ಬರುತ್ತದೆ.

ಫಿಲ್ಲರ್ ಮೊದಲೋ ಪ್ರೈಮರ್ ಮೊದಲೋ ಅನ್ನುವ ಚರ್ಚೆ ಮುಗಿಯುವಂಥದ್ದಲ್ಲ. ದೊಡ್ಡ ಗುಂಡಿಗಳನ್ನು ಬರೀ ಮರದ ಮೇಲೇ ತುಂಬಿ, ಅಲ್ಲಿ ಹಿಡಿತ ಮುಖ್ಯ. ಸಣ್ಣವನ್ನು ಪ್ರೈಮರ್ ಆದ ಮೇಲೆ ಹುಡುಕಿ. ಮರದ ಎಳೆ, ಫಿಲ್ಲರಿನ ಬಣ್ಣ, ಪೆನ್ಸಿಲ್ ಗುರುತು ಎಲ್ಲ ಮುಚ್ಚಿ ಒಂದೇ ಬಣ್ಣ ಬಂದಾಗ ಅಷ್ಟು ಹೊತ್ತು ಕಾಣದಿದ್ದ ಸೂಜಿ ತೂತು, ಗೀರು ಎಲ್ಲ ಹೊರಬರುತ್ತವೆ. ಟಾರ್ಚನ್ನು ಹಲಗೆಗೆ ತಾಗಿಸಿದಷ್ಟು ಹತ್ತಿರ, ಓರೆಯಾಗಿ ಹಿಡಿದು ನೋಡಿ, ಸಿಕ್ಕಿದ್ದಕ್ಕೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ. ಇಷ್ಟು ಸಣ್ಣದಕ್ಕೆ ಮತ್ತೆ ಬಾಡಿ ಫಿಲ್ಲರ್ ಕಲಸಬೇಕಿಲ್ಲ. ಟ್ಯೂಬಿನಲ್ಲಿ ಬರುವ ನುಣುಪು ಪುಟ್ಟಿಯನ್ನು ಬ್ಲೇಡಿನಿಂದ ಬಿಗಿಯಾಗಿ ಎಳೆದರೆ ಸಾಕು.

ನೀರಿನ ಪ್ರೈಮರ್ ಆದರೆ ಒಣಗಿದ ಮೇಲೆ ಮೈ ತರಿತರಿಯಾಗಿರುತ್ತದೆ. ನೀರು ತಾಗಿ ನಾರು ಎದ್ದು ನಿಂತಿರುತ್ತದೆ ಅಷ್ಟೇ. 240 ನಂಬರಿನಿಂದ ಹಗುರವಾಗಿ, ಪ್ರೈಮರ್ ಕಿತ್ತುಬರದಂತೆ ಉಜ್ಜಿ. ಪುಟ್ಟಿ ಹಚ್ಚಿದ ಚುಕ್ಕೆಗಳನ್ನೂ, ಉಜ್ಜುವಾಗ ಮರ ಕಂಡ ಕಡೆಯನ್ನೂ ಮತ್ತೆ ಪ್ರೈಮರ್‌ನಿಂದ ಮುಟ್ಟಿಸಿ. ಧೂಳನ್ನು ಮೊದಲು ವ್ಯಾಕ್ಯೂಮ್ ಅಥವಾ ಬ್ರಷ್‌ನಿಂದ ತೆಗೆದು, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಅದು ಪೂರ್ತಿ ಆರಿದ ಮೇಲೆ ಮೊದಲ ಕೋಟ್ ಬಣ್ಣ ಹಚ್ಚಬಹುದು.